ಹತ್ತನೆಯ ಜೊತೆ

ಆ ಬೀದಿಯಲ್ಲಿ ಯಾರ ಮುಖ ಮರೆತರೂ ಬಾಗಿಲಮ್ಮ ಅವರ ಚಪ್ಪಲಿಯನ್ನು ಮರೆಯುತ್ತಿರಲಿಲ್ಲ. ಅದೊಂದು ದೊಡ್ಡ ವಿದ್ಯೆಯೆಂದು ಅವಳೇನೂ ಹೇಳಿಕೊಂಡವಳಲ್ಲ, ಅದು ಅವಳ ಕೆಲಸವಾಗಿತ್ತು, ಅಷ್ಟೆ. ಸೊಸೆಯ ಬ್ಯೂಟಿ ಪಾರ್ಲರ್ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲಿ. ಅದರ ಬಾಗಿಲ ಪಕ್ಕದ ಬೆಂಚಿನ ಮೇಲೆ ತರಕಾರಿ ಬುಟ್ಟಿ ಇಟ್ಟುಕೊಂಡು ದಿನವಿಡೀ ಕೂರುತ್ತಿದ್ದಳೆಂದು ಗಿರಾಕಿಗಳೇ ಈ ಅತ್ತೆಗೆ ಬಾಗಿಲಮ್ಮ ಎಂದು ಹೆಸರಿಟ್ಟಿದ್ದರು.

ಕೂದಲು ಕತ್ತರಿಸಿಕೊಳ್ಳಲು, ಹುಬ್ಬು ತಿದ್ದಿಸಿಕೊಳ್ಳಲು ಬಂದವರ ಚಪ್ಪಲಿ ಮೆಟ್ಟಿಲ ಮೇಲೇ ಬಿದ್ದಿರುತ್ತಿತ್ತು. ಅದರಲ್ಲಿ ಮುಚ್ಚುಮರೆ ಏನಿಲ್ಲ. ಸೂಜಿಗೆ ಬಂದವರದ್ದೇ ಬೇರೆ. ತುಟಿ ತುಂಬಿಸಿಕೊಳ್ಳುವವರು, ಕೆನ್ನೆ ಉಬ್ಬಿಸಿಕೊಳ್ಳುವವರು, ಕಣ್ಣಡಿಯ ಗುಳಿ ಮುಚ್ಚಿಸಿಕೊಳ್ಳುವವರು ಒಳಗೆ ಹೋದ ಕೂಡಲೇ ಬಾಗಿಲಮ್ಮ ಸೊಂಟ ಹಿಡಿದುಕೊಂಡು ಬಗ್ಗಿ, ಅವರ ಚಪ್ಪಲಿ ಎತ್ತಿ, ಬೆಂಚಿನ ಕೆಳಗೆ ಆಲೂಗಡ್ಡೆ ಚೀಲದ ಹಿಂದೆ ತಳ್ಳಬೇಕು. ಬೀದಿಯಲ್ಲಿ ಹೋಗುವ ಅವರತ್ತೆಯೋ ನಾದಿನಿಯೋ ನೋಡಿಬಿಟ್ಟರೆ ಕಥೆ ಮುಗಿಯಿತು.

ಸೂಜಿಯವರ ಹೆಸರು ಕೇಳುವ ಪದ್ಧತಿ ಇರಲಿಲ್ಲ. ಫೋನೂ ಇಲ್ಲ, ಏಕೆಂದರೆ ಫೋನನ್ನು ಗಂಡ ನೋಡುತ್ತಾನೆ, ಮಗ ನೋಡುತ್ತಾನೆ. ಅವರು ಬಂದು ಬೆಂಚಿನ ಹತ್ತಿರ ನಿಂತು ಬೀನ್ಸ್ ಬೆಲೆ ಕೇಳುವ ಹಾಗೆ ಏನೋ ಕೇಳುತ್ತಿದ್ದರು. ಬಾಗಿಲಮ್ಮ ತಲೆ ಎತ್ತದೆ "ಮಂಗಳವಾರ, ಮೂರಕ್ಕೆ" ಎನ್ನುತ್ತಿದ್ದಳು. ಸೊಸೆಯ ಕೈಗುಣ ಒಳ್ಳೆಯದೆಂದು ಬಾಯಿಂದ ಬಾಯಿಗೆ ಹರಡಿತ್ತು. ಹೊಸ ಬಣ್ಣ ಬಂದರೆ ಅವಳು ಮೊದಲು ತನ್ನ ಕೂದಲಿಗೆ ಹಚ್ಚಿಕೊಳ್ಳುತ್ತಿದ್ದಳು, ಹೊಸ ಕ್ರೀಮ್ ಬಂದರೆ ಮೊದಲು ತನ್ನ ಕೈಗೆ. "ನನಗೇನೂ ಆಗ್ಲಿಲ್ಲ ಅಂದ್ರೆ ತಾನೇ ನಿಮಗೆ?" ಎನ್ನುತ್ತಿದ್ದಳು. ಆ ಒಂದು ಮಾತಿಗೇ ಎಷ್ಟೋ ಜನ ನಂಬಿ ಬರುತ್ತಿದ್ದರು.

ಆರೋಗ್ಯ ಇಲಾಖೆಯ ಕಾಗದ ಬಂದದ್ದು ತಿಂಗಳ ಮೊದಲ ವಾರ. ರಾತ್ರಿ ಊಟಕ್ಕೆ ಕೂತಾಗ ಕಾಲೇಜಿಗೆ ಹೋಗುವ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಹೊಸ ಕಾಯ್ದೆ. ಸೌಂದರ್ಯಕ್ಕೆಂದು ಚರ್ಮದೊಳಗೆ ಸೂಜಿ ಇಳಿಸುವವರಿಗೆ ಪರವಾನಗಿ ಕಡ್ಡಾಯ.

"ಕೋಣೆಗೊಂದು ಪರವಾನಗಿ, ಮಾಡೋರಿಗೊಂದು. ಎರಡು ಬೇಕಂತೆ ಅಪ್ಪ. ಕೈ ತೊಳೆಯೋಕೆ ಬೇರೆ ಸಿಂಕು, ನೆಲದಲ್ಲಿ ಸಂದಿ ಇರ್ಬಾರ್ದು, ಇನ್ಶೂರೆನ್ಸು. ಸೂಜಿ ಹಾಕುವಾಗ ಒಬ್ಬ ನರ್ಸ್ ಪಕ್ಕದಲ್ಲಿರ್ಬೇಕು."

"ನರ್ಸ್ ಬಂದು ಪುಕ್ಕಟೆ ನಿಂತ್ಕೊಳ್ತಾಳಾ?" ಎಂದ ಮಗ. ಅವನು ಬೇರೆಯವರ ಶಾಲಾ ವ್ಯಾನ್ ಓಡಿಸುತ್ತಿದ್ದ. ಸ್ವಂತದ್ದೊಂದು ಕೊಳ್ಳಬೇಕೆಂದು ಆರು ವರ್ಷದಿಂದ ಕೂಡಿಡುತ್ತಿದ್ದ. "ಬಿಟ್ಟುಬಿಡೇ ಆ ಸೂಜಿ. ಕೂದಲು ಕತ್ತರಿಸ್ಕೊಂಡಿರು, ಸಾಕು."

"ಬರೀ ಕೂದಲು ಕತ್ತರಿಸ್ತಿದ್ದಾಗ ಈ ಮನೇಲಿ ಒಂದು ಮೊಟ್ಟೇನ ಎರಡು ಮಾಡಿ ತಿಂತಿದ್ವಿ. ಮರೆತು ಹೋಯ್ತಾ?"

"ಸರ್ಕಾರ ಹೊಟ್ಟೆ ಮೇಲೆ ಹೊಡೆದ್ರೆ ನಾನೇನು ಮಾಡ್ಲಿ?"

"ಕೈ ತೊಳ್ಕೊಳ್ಳಿ ಅಂದ್ರೆ ಹೊಟ್ಟೆ ಮೇಲೆ ಹೊಡೆದ ಹಾಗಾ?" ಎಂದಳು ಬಾಗಿಲಮ್ಮ. "ನಿನ್ನ ಹೆತ್ತಾಗ ನರ್ಸಮ್ಮ ಎರಡು ಸಲ ಕೈ ತೊಳ್ಕೊಂಡ್ಳು. ನೀನು ನೋಡಿದ್ರೆ ಹೀಗೆ ಬೆಳೆದೆ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಸೊಸೆ ನಗಲಿಲ್ಲ. ಕಾಗದ ಇಸಿದುಕೊಂಡು ಎರಡನೆಯ ಹಾಳೆಯ ಮೇಲೆ ಬೆರಳಿಟ್ಟಳು.

"ಇದನ್ನ ಓದಿದ್ಯಾ? ಬಂದವರ ಹೆಸರು, ವಿಳಾಸ, ಹಾಕಿದ ಮದ್ದಿನ ಡಬ್ಬಿ ನಂಬರು, ಎಲ್ಲ ಪುಸ್ತಕದಲ್ಲಿ ಬರೆದಿಡ್ಬೇಕಂತೆ. ಸಿಂಕ್ ಹಾಕಿಸ್ಬಹುದು ಅತ್ತೆ. ಹೆಸರು ಕೇಳಿದ ದಿನ ಒಬ್ಬಳೂ ನಮ್ಮ ಮೆಟ್ಟಿಲು ಹತ್ತಲ್ಲ."

ಆದರೂ ಸಿಂಕ್ ಬಂತು. ವ್ಯಾನಿನ ದುಡ್ಡು ಮುರಿದು ಮಗನೇ ಹಾಕಿಸಿದ. ಬಯ್ಯುತ್ತಲೇ ಕೊಟ್ಟ, ಕೊಟ್ಟ ಮೇಲೂ ಬಯ್ದ. ಎರಡನೆಯ ವಾರವಿಡೀ ಮನೆ ತುಂಬ ಸಿಮೆಂಟಿನ ಧೂಳು. ಅನ್ನದಲ್ಲಿ ಧೂಳು, ಹಾಲಿನಲ್ಲಿ ಧೂಳು, ಬಾಗಿಲಮ್ಮನ ಹಾಸಿಗೆಯಲ್ಲಿ ಧೂಳು. ಮೊಣಕೈಯಿಂದ ತಳ್ಳಿದರೆ ನೀರು ಬರುವ ನಲ್ಲಿಯನ್ನು ಮನೆಯವರೆಲ್ಲ ಒಬ್ಬೊಬ್ಬರಾಗಿ ತಳ್ಳಿ ನೋಡಿದರು. ನಿವೃತ್ತ ನರ್ಸ್ ಒಬ್ಬಳು ವಾರಕ್ಕೆರಡು ದಿನ ಬರಲು ಒಪ್ಪಿದಳು. ಅವಳು ಕೇಳಿದ ಮೊತ್ತಕ್ಕೆ ಮಗ ಚಹಾ ಲೋಟ ಕೆಳಗಿಟ್ಟು ಹೊರಗೆ ಹೋಗಿಬಿಟ್ಟ.

ಅಷ್ಟರಲ್ಲಿ ಸುದ್ದಿ ಹಬ್ಬಿತು. ಒಂದನೇ ತಾರೀಕಿನ ಮೇಲೆ ರೇಟು ಎರಡರಷ್ಟಾಗುತ್ತದಂತೆ, ಹೆಸರು ಬೇರೆ ಬರೆಸಬೇಕಂತೆ. ಬೀನ್ಸ್ ಬೆಲೆ ಕೇಳುವವರು ಸಾಲುಗಟ್ಟಿದರು. "ತಾರೀಕಿಗೆ ಮುಂಚೆ ಹೇಗಾದ್ರೂ ಮಾಡಿ ಬಾಗಿಲಮ್ಮ" ಎಂದು ಪಿಸುಗುಟ್ಟಿದರು. ಆದರೆ ಮದ್ದೇ ಇಲ್ಲ. ಪರವಾನಗಿ ಇಲ್ಲದವರಿಗೆ ಸಗಟು ಅಂಗಡಿಯವರು ಆಗಲೇ ಮಾಲು ನಿಲ್ಲಿಸಿದ್ದರು. ಆಗ ಬಂದವನು ಬ್ಯಾಗಿನವನು. ಹಿಂದೆ ಶಾಂಪೂ, ಬಣ್ಣ ತಂದುಕೊಡುತ್ತಿದ್ದ ಮನುಷ್ಯ. ಬ್ಯಾಗಿನಿಂದ ಒಂದು ಬಿಳಿ ಡಬ್ಬಿ ತೆಗೆದ. ಒಳಗೆ ಹತ್ತು ಗುಳಿ, ಹತ್ತು ತುಂಬಿದ ಸಿರಿಂಜು.

"ಅದೇ ಕಂಪನಿದೇ ಅಕ್ಕ. ಹಳೇ ಸ್ಟಾಕು, ಅರ್ಧ ರೇಟು. ಬಿಲ್ ಮಾತ್ರ ಕೇಳ್ಬೇಡಿ."

ಬಾಗಿಲಮ್ಮ ಬೆಂಚಿನಿಂದಲೇ ಇಣುಕಿದಳು. "ಬಿಲ್ ಯಾಕಿಲ್ವಪ್ಪಾ?"

"ಅಜ್ಜೀ, ಬಿಲ್ ಬೇಕಂದ್ರೆ ರೇಟೂ ಬೇರೆ, ನಾನೂ ಬೇರೆ."

ಸೊಸೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೊಂಡಳು. ನಾಲ್ಕು ದಿನದಲ್ಲಿ ಹತ್ತೂ ಖಾಲಿಯಾಯಿತು. ಬಾಗಿಲಮ್ಮ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು ಎಂದು ಗೊಣಗಿದಳು. ಖಾಲಿ ಡಬ್ಬಿ ಚೆನ್ನಾಗಿದೆ, ಎಸೆಯಬೇಡ ಎಂದು ಇಸಿದುಕೊಂಡು ಅದರಲ್ಲಿ ತನ್ನ ಬಿಪಿ ಮಾತ್ರೆ ಇಟ್ಟುಕೊಂಡಳು. ಗುಳಿಗೊಂದು ಮಾತ್ರೆ, ಹತ್ತು ದಿನದ ಲೆಕ್ಕ ತಪ್ಪುವ ಹಾಗಿಲ್ಲ.

ಒಂದನೇ ತಾರೀಕು ಬಂತು. ಸೂಜಿಯ ಕುರ್ಚಿಗೆ ಬಟ್ಟೆ ಮುಚ್ಚಿದರು. ಪರವಾನಗಿಗೆ ಅರ್ಜಿ ಹೋಗಿತ್ತು, ಎರಡನೆಯ ಗುರುವಾರ ಇನ್ಸ್‌ಪೆಕ್ಟರ್ ಬಂದು ಕೋಣೆ ನೋಡುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಸೊಸೆಗೆ ಕಣ್ಣು ಬಂತು. ಕಪ್ಪು ಕನ್ನಡಕ ಹಾಕಿಕೊಂಡು, "ಹತ್ತಿರ ಬರ್ಬೇಡಿ, ಅಂಟುತ್ತೆ" ಎಂದು ತಟ್ಟೆಯನ್ನೂ ಟವಲನ್ನೂ ಬೇರೆ ಇಟ್ಟುಕೊಂಡಳು.

ಆ ಶನಿವಾರ ಬೆಳಿಗ್ಗೆ ಹೂವಿನಂಗಡಿಯವಳು ಬಂದಳು. ಹಸಿರು ಪಟ್ಟಿಯ ಚಪ್ಪಲಿ, ಎಡಗಾಲಿನದ್ದು ಹೊಲಿಗೆ ಬಿಟ್ಟದ್ದು. ಮುಖಕ್ಕೆ ಸುತ್ತಿದ್ದ ಬಟ್ಟೆ ಸರಿಸಿದಳು. ಕೆನ್ನೆಯಲ್ಲಿ ನಿಂಬೆಕಾಯಿಯಷ್ಟು ಗಂಟು. ಮೇಲಿನ ಚರ್ಮ ಕೆಂಪಗೆ ಬಿಗಿದು ಹೊಳೆಯುತ್ತಿತ್ತು. ಮೈ ಸುಡುತ್ತಿತ್ತು.

"ಐಸ್ ಇಡಿ, ಇಳಿಯುತ್ತೆ," ಎಂದಳು ಸೊಸೆ. ಅವಳ ಧ್ವನಿ ನಡುಗಿದ್ದು ಹೂವಿನಂಗಡಿಯವಳಿಗೆ ಗೊತ್ತಾಗಲಿಲ್ಲ, ಬಾಗಿಲಮ್ಮನಿಗೆ ಗೊತ್ತಾಯಿತು.

ಸೋಮವಾರ ತಿಂಡಿಯ ಹೊತ್ತಿಗೆ ಮೊಮ್ಮಗಳು ಫೋನ್ ನೋಡುತ್ತಾ ಬ್ರೆಡ್ ಕಚ್ಚುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಅಮ್ಮ, ಆರೋಗ್ಯ ಇಲಾಖೆಯವರು ಹಾಕಿದ್ದಾರೆ. ನಕಲಿ ಮದ್ದಂತೆ. ಕೊಳಕು ನೀರು ಸೇರಿದೆಯಂತೆ. ಹಾಕಿಸ್ಕೊಂಡವರು ಏನೂ ಆಗದಿದ್ರೂ ತಕ್ಷಣ ದೊಡ್ಡಾಸ್ಪತ್ರೆಗೆ ಬರ್ಬೇಕಂತೆ. ಒಬ್ಬಳಿಗೆ ವಿಷ ರಕ್ತಕ್ಕೇ ಏರಿದೆ. ಡಬ್ಬಿ ನಂಬರ್ ಕೊಟ್ಟಿದ್ದಾರೆ." ಅವಳು ಒಂದೊಂದೇ ಅಂಕಿ ಓದಿದಳು.

ಬಾಗಿಲಮ್ಮ ಆಗಷ್ಟೇ ಮಾತ್ರೆಗೆಂದು ಡಬ್ಬಿಯ ಮುಚ್ಚಳ ತೆಗೆದಿದ್ದಳು. ಮೊಮ್ಮಗಳು ಆ ಮುಚ್ಚಳದ ಮೇಲಿದ್ದ ನಂಬರ್ ನೋಡಿದಳು, ಫೋನ್ ನೋಡಿದಳು, ಮತ್ತೆ ಮುಚ್ಚಳ ನೋಡಿದಳು. ಯಾರೂ ಏನೂ ಕೇಳಬೇಕಾಗಲಿಲ್ಲ. ಬಾಗಿಲಮ್ಮ ಕೈಗೆತ್ತಿಕೊಂಡ ಮಾತ್ರೆಯನ್ನು ವಾಪಸ್ ಗುಳಿಗೇ ಇಟ್ಟಳು.

ಮೊದಲು ಬಾಯಿ ಬಿಟ್ಟವನು ಮಗ. "ಆ ಡಬ್ಬಿ ಒಲೆಗೆ ಹಾಕಿ. ಪುಸ್ತಕದಲ್ಲಿ ಒಂದು ಹೆಸರಿಲ್ಲ, ಬಿಲ್ ಇಲ್ಲ. ನಾವು ಕೊಂಡೇ ಇಲ್ಲ, ಹಾಕೇ ಇಲ್ಲ."

"ಹತ್ತು ಜನ ಇದ್ದಾರಪ್ಪ," ಎಂದಳು ಮೊಮ್ಮಗಳು.

"ಅವರೂ ಫೋನ್ ನೋಡ್ತಾರೆ, ಅವರೇ ಹೋಗ್ತಾರೆ."

"ಡಬ್ಬಿ ನಂಬರ್ ಅವರಿಗೆ ಹೇಗೆ ಗೊತ್ತಿರುತ್ತೆ? ಡಬ್ಬಿ ಅಜ್ಜಿ ಕೈಲಿದೆ."

"ಗುರುವಾರ ಒಂದು ಕಳೀಲಿ," ಎಂದಳು ಸೊಸೆ. ಅವಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. "ಇನ್ಸ್‌ಪೆಕ್ಟರ್ ಬಂದು ಹೋಗ್ಲಿ. ನಿಮ್ಮ ವ್ಯಾನಿನ ದುಡ್ಡು ಪೂರ್ತಿ ಆ ಗೋಡೇಲಿದೆ ರೀ. ಆಮೇಲೆ ನಾನೇ ಹೋಗಿ ಎಲ್ಲರಿಗೂ ಹೇಳ್ತೀನಿ."

"ಎಲ್ಲಿ ಅಂತ ಹೋಗ್ತೀಯೇ? ಒಬ್ಬಳ ಮನೆ ಗೊತ್ತಾ ನಿನಗೆ?" ಎಂದಳು ಬಾಗಿಲಮ್ಮ.

ಬಾಗಿಲಮ್ಮ ಮಾತ್ರೆಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು ಡಬ್ಬಿ ಖಾಲಿ ಮಾಡಿದಳು. ಹತ್ತು ಗುಳಿ. ಕಣ್ಣು ಮುಚ್ಚಿಕೊಂಡು ಬೆಂಚಿನ ಕೆಳಗಿನ ಕತ್ತಲನ್ನು ನೆನೆಸಿಕೊಂಡಳು. ಹಸಿರು ಪಟ್ಟಿ, ಒಂದು. ಹಿಮ್ಮಡಿ ಒಂದೇ ಕಡೆ ಸವೆದ ಕಪ್ಪು ಬೂಟು, ಎರಡು. ಹೆಬ್ಬೆರಳಿಗೆ ಮುತ್ತಿನ ಉಂಗುರವಿದ್ದ ಚಪ್ಪಲಿ, ಮೂರು. ಒಂದೊಂದು ಜೊತೆ ನೆನಪಾದಂತೆ ಒಂದೊಂದು ಮಾತ್ರೆಯನ್ನು ಗುಳಿಗೆ ಇಟ್ಟಳು. ಒಂಬತ್ತಕ್ಕೆ ಬಂದು ನಿಂತಿತು. ಎಷ್ಟು ತಲೆ ಕೆರೆದುಕೊಂಡರೂ ಹತ್ತನೆಯದು ಬರಲಿಲ್ಲ.

ಮಧ್ಯಾಹ್ನ ಮೊಮ್ಮಗಳನ್ನು ಕರೆದುಕೊಂಡು ಹೊರಟಳು. ಹೂವಿನಂಗಡಿಯವಳು ಸುಲಭವಾಗಿ ಸಿಕ್ಕಳು, ಅಷ್ಟರಲ್ಲಿ ಅವಳ ಇಡೀ ಮುಖ ಊದಿತ್ತು. ಅಲ್ಲಿಂದಲೇ ಗಂಡನ ಜೊತೆ ಆಸ್ಪತ್ರೆಗೆ ಆಟೋ ಹತ್ತಿಸಿದರು. ಕಪ್ಪು ಬೂಟಿನವಳು ಬ್ಯಾಂಕಿನವಳಿರಬೇಕೆಂದು ಮೊಮ್ಮಗಳ ಊಹೆ. ಬ್ಯಾಂಕಿನಲ್ಲಿ ಬಾಗಿಲಮ್ಮ ಚಿಲ್ಲರೆ ಬಿದ್ದುಹೋಯಿತೆಂದು ನೆಲಕ್ಕೆ ಬಗ್ಗಿ ಕೌಂಟರ್ ಕೆಳಗಿನ ಕಾಲುಗಳನ್ನೆಲ್ಲ ನೋಡಿದಳು. ಕಾವಲುಗಾರ ಬಂದು ಎಬ್ಬಿಸುವಷ್ಟರಲ್ಲಿ ನಾಲ್ಕನೆಯ ಕೌಂಟರಿನಲ್ಲಿ ಸವೆದ ಹಿಮ್ಮಡಿ ಸಿಕ್ಕಿತ್ತು. ಬೇರೆ ಹೊತ್ತಾಗಿದ್ದರೆ ಅಜ್ಜಿ ಮೊಮ್ಮಗಳು ಇದನ್ನು ಹೇಳಿಕೊಂಡು ವಾರವಿಡೀ ನಗುತ್ತಿದ್ದರು.

ಉಳಿದವರನ್ನು ಮನೆಬಾಗಿಲುಗಳಲ್ಲಿ ಬಿಟ್ಟಿದ್ದ ಚಪ್ಪಲಿ ನೋಡುತ್ತ ಹುಡುಕಿದರು, ಆದರೆ ಆ ಮನೆಗಳಿಗೆ ಹೋಗುವುದೇ ಕಷ್ಟ. ಗಂಡ ಬಾಗಿಲು ತೆಗೆದರೆ ಏನು ಹೇಳುವುದು?

"ನಿಮ್ಮ ಮನೆಯವರ ಚಪ್ಪಲಿ ನಮ್ಮಲ್ಲಿ ಅದಲುಬದಲಾಗಿದೆ ಕಣಪ್ಪ. ಒಂದು ನಿಮಿಷ ಕರಿ, ನೋಡ್ಲಿ," ಎನ್ನುತ್ತಿದ್ದಳು ಬಾಗಿಲಮ್ಮ. ಆ ಹೆಣ್ಣು ಹೊರಗೆ ಬಂದರೆ ಕೈ ಹಿಡಿದು ಮೆಟ್ಟಿಲ ಕೆಳಗೆ ಕರೆದೊಯ್ದು ಕಿವಿಯಲ್ಲಿ ಹೇಳುತ್ತಿದ್ದಳು. ಒಬ್ಬಳು ಅಲ್ಲೇ ಕುಸಿದು ಕೂತಳು. ಇನ್ನೊಬ್ಬಳು ಬಾಯಿಗೆ ಬಂದ ಹಾಗೆ ಬಯ್ದಳು, ಬಾಗಿಲಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ತುಟಿಯೊಳಗೆ ಕೀವು ಕಟ್ಟಿಕೊಂಡು ನಾಲ್ಕು ದಿನದಿಂದ ಗಂಜಿ ಕುಡಿಯುತ್ತಿದ್ದ ಒಬ್ಬಳು, "ಹಲ್ಲು ನೋವು ಅಂತ ಮನೇಲಿ ಹೇಳಿದ್ದೀನಿ ಬಾಗಿಲಮ್ಮ, ಈಗ ಏನಂತ ಹೇಳ್ಲಿ?" ಎಂದು ಅತ್ತಳು.

ಮಂಗಳವಾರ ಬೆಳಿಗ್ಗೆ ಬಾಗಿಲಮ್ಮ ಕಾಲು ಊದಿಕೊಂಡು ಎದ್ದಳು. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಮಗ ವ್ಯಾನಿನ ಎಂಜಿನ್ ಆರಿಸದೆ ಬಾಗಿಲಲ್ಲಿ ನಿಂತ.

"ಹತ್ತಮ್ಮ. ನಡ್ಕೊಂಡು ಎಷ್ಟು ಅಂತ ತಿರುಗ್ತೀಯ?"

"ಒಲೆಗೆ ಹಾಕು ಅಂದೋನು ನೀನೇ ಅಲ್ವೇನೋ?"

"ಮುತ್ತಿನುಂಗುರದವಳು ನಮ್ಮ ಶಾಲೆ ಟೀಚರ್ರು. ನನ್ನ ವ್ಯಾನಿನ ಮಕ್ಕಳಿಗೆ ಪಾಠ ಮಾಡ್ತಾರೆ. ನಿನ್ನೆಯಿಂದ ಬಂದಿಲ್ಲ." ಅವನ ಮುಖ ಬಿಳಿಚಿಕೊಂಡಿತ್ತು. "ಮನೆ ಗೊತ್ತು ನನಗೆ. ಬಾ."

ಬುಧವಾರ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಜನಕ್ಕೂ ಸುದ್ದಿ ಮುಟ್ಟಿತ್ತು. ಊಟಕ್ಕೆ ಕೂತಾಗ ಬಾಗಿಲಮ್ಮ ಡಬ್ಬಿಯನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡಿದ್ದಳು. ಒಂಬತ್ತು ಗುಳಿಯಲ್ಲಿ ಮಾತ್ರೆ, ಹತ್ತನೆಯದು ಖಾಲಿ. ಅವಳಿಗೆ ಅನ್ನ ಇಳಿಯಲಿಲ್ಲ. ಎಲ್ಲೋ ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳು ಜ್ವರ ಎಂದುಕೊಂಡು ಮುಸುಕು ಹಾಕಿ ಮಲಗಿದ್ದಾಳೆ, ಕೇಳುವವರಿಲ್ಲ, ಹೇಳುವವರಿಲ್ಲ ಎಂಬ ಚಿತ್ರ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

"ಯಾರೇ ಅದು? ನೆನಪು ಮಾಡ್ಕೊಳ್ಳೇ. ಸೂಜಿ ಹಾಕಿದ ಕೈ ನಿಂದು," ಎಂದಳು.

"ಹತ್ತನೇದು ಒಡೆದು ಹೋಯ್ತು ಅತ್ತೆ. ಕೈ ಜಾರಿ ಬಿತ್ತು. ಬಿಸಾಕಿದೆ."

"ಎರಡು ದಿನದಿಂದ ನಾನು ಬೀದಿ ಬೀದಿ ಅಲೀತಿದ್ದೀನಿ. ಇದನ್ನ ಈಗ ಹೇಳ್ತೀಯಾ?"

"ಮರೆತಿದ್ದೆ," ಎಂದು ಸೊಸೆ ಮಾತು ಮುರಿಯಲು ನೀರಿನ ಜಗ್ ಎತ್ತಿದಳು. ಅತ್ತೆಯ ಲೋಟಕ್ಕೆ ನೀರು ಬಗ್ಗಿಸಿದಳು. ನೀರು ಲೋಟದ ಪಕ್ಕಕ್ಕೆ, ಬರೀ ಮೇಜಿನ ಮೇಲೆ ಬಿತ್ತು. ಬಿದ್ದು ಹರಿದು ಮಗನ ತೊಡೆಗೆ ಇಳಿಯಿತು. ಅವಳು ಇನ್ನೂ ಬಗ್ಗಿಸುತ್ತಲೇ ಇದ್ದಳು.

"ಅಮ್ಮಾ," ಎಂದಳು ಮೊಮ್ಮಗಳು.

ಬಾಗಿಲಮ್ಮನಿಗೆ ಬಣ್ಣ ಹಚ್ಚಿದ ಕೂದಲು ನೆನಪಾಯಿತು, ಕ್ರೀಮ್ ಹಚ್ಚಿದ ಕೈ ನೆನಪಾಯಿತು. ಹೊಸ ಮಾಲು ಯಾವುದೇ ಬಂದರೂ ಮೊದಲು ಯಾರಿಗೆ ಎಂಬುದು ನೆನಪಾಯಿತು. ಈ ಮನೆಯ ಚಪ್ಪಲಿಯನ್ನು ಅವಳು ಬೆಂಚಿನ ಕೆಳಗೆ ಬಚ್ಚಿಡಬೇಕಾಗಿರಲಿಲ್ಲ, ಅದಕ್ಕೇ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಎದ್ದು ಹೋಗಿ ಸೊಸೆಯ ಕಪ್ಪು ಕನ್ನಡಕವನ್ನು ತೆಗೆದಳು. ಸೊಸೆ ತಡೆಯಲಿಲ್ಲ.

ಪೌಡರ್ ದಪ್ಪಗೆ ಬಳಿದಿದ್ದಳು. ಅದರಡಿಯಲ್ಲಿ ಬಲಗಣ್ಣಿನ ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ರೆಪ್ಪೆ ಊದಿ ಅರ್ಧ ಮುಚ್ಚಿಕೊಂಡಿತ್ತು.

"ಯಾವಾಗಿಂದ ಕಾಣಿಸ್ತಿಲ್ಲ?"

"ಭಾನುವಾರ ಮಂಜು ಮಂಜು ಇತ್ತು. ಇವತ್ತು..." ಸೊಸೆ ನಿಲ್ಲಿಸಿದಳು. "ಆಸ್ಪತ್ರೇಲಿ ಯಾರು ಹಾಕಿದ್ದು ಅಂತ ಕೇಳ್ತಾರೆ ಅತ್ತೆ. ನಾಳೆ ಒಂದು ದಿನ ಕಳೀಲಿ. ಪರವಾನಗಿ ಬಂದ್ಬಿಡುತ್ತೆ. ನಾಳೆ ಸಂಜೆ ಹೋಗ್ತೀನಿ, ನಿಮ್ಮಾಣೆಗೂ ಹೋಗ್ತೀನಿ."

ಮಗ ಒದ್ದೆ ಪ್ಯಾಂಟಿನಲ್ಲೇ ಎದ್ದು ನಿಂತ. ಬಯ್ಯುತ್ತಾನೆಂದು ಎಲ್ಲರೂ ಕಾದರು. ಅವನು ಬಯ್ಯಲಿಲ್ಲ, ವ್ಯಾನಿನ ಕೀಲಿ ಹುಡುಕತೊಡಗಿದ. ಕೀಲಿ ಅವನ ಕೈಯಲ್ಲೇ ಇತ್ತು. ಬಾಗಿಲಮ್ಮ ಹೊರಗಿನಿಂದ ಸೊಸೆಯ ಚಪ್ಪಲಿ ತಂದು ಅವಳ ಕಾಲ ಮುಂದೆ ಇಟ್ಟಳು. ನೀಲಿ ರಬ್ಬರಿನವು, ಎರಡು ವರ್ಷದಿಂದ ದಿನಾ ನೋಡಿದವು.

"ಹಾಕ್ಕೋ. ನಡಿ."

"ಸಿಂಕು ಅತ್ತೆ..."

"ಸಿಂಕು ಎಲ್ಲಿಗೂ ಓಡಿಹೋಗಲ್ಲ. ಹಾಕ್ಕೋ ಅಂದೆ."

ದೊಡ್ಡಾಸ್ಪತ್ರೆಯಲ್ಲಿ ಇದಕ್ಕೆಂದೇ ಬೇರೆ ಮೇಜು ಹಾಕಿದ್ದರು. ಗುಮಾಸ್ತೆಯ ಮುಂದೆ ಹೊಸ ಫಾರಂಗಳ ಕಟ್ಟಿತ್ತು. ಹಾಕಿಸಿಕೊಂಡವರ ಹೆಸರು ಕೇಳಿದಳು, ಸೊಸೆ ಹೇಳಿದಳು. ವಯಸ್ಸು, ವಿಳಾಸ, ತಾರೀಕು ಕೇಳಿದಳು. ಆಮೇಲೆ ಪೆನ್ನು ಕೆಳಗಿನ ಚೌಕಕ್ಕೆ ಬಂತು.

"ಹಾಕಿದವರ ಹೆಸರು? ಗೊತ್ತಿಲ್ವಾ? ಸೋಮವಾರದಿಂದ ಬಂದವರೆಲ್ಲ ಗೊತ್ತಿಲ್ಲ ಅಂತಾನೇ ಬರೆಸಿದ್ದಾರೆ. ನಿಮಗೂ ಹಾಗೇ ಬರೀಲಾ?"

ಬಾಗಿಲಮ್ಮ ತಿರುಗಿ ನೋಡಿದಳು. ಉದ್ದನೆಯ ಓಣಿಯ ಬೆಂಚುಗಳ ಮೇಲೆ ಮುಖ ಮುಚ್ಚಿಕೊಂಡ ಹೆಂಗಸರು. ಮುಖ ನೋಡುವ ಅಗತ್ಯ ಅವಳಿಗಿರಲಿಲ್ಲ. ಕಪ್ಪು ಬೂಟು, ಮುತ್ತಿನುಂಗುರ, ಬಯ್ದವಳ ಕಂದು ಚಪ್ಪಲಿ. ಹಸಿರು ಪಟ್ಟಿ ಮಾತ್ರ ಅಲ್ಲಿರಲಿಲ್ಲ. ಹೂವಿನಂಗಡಿಯವಳನ್ನು ಸೋಮವಾರವೇ ಒಳಗೆ ಮಲಗಿಸಿದ್ದರು. ಬಯ್ದವಳು ಕೂಡ ಬಾಯಿ ಬಿಟ್ಟಿರಲಿಲ್ಲ. ಸೊಸೆ ಹೂಂ ಎಂದುಬಿಟ್ಟರೆ ಸಾಕಿತ್ತು.

"ಮೇಲಿರೋದನ್ನೇ ಬರೀರಿ," ಎಂದಳು ಸೊಸೆ.

"ಮೇಲಿರೋದು ನಿಮ್ಮ ಹೆಸರಲ್ವಾ?"

"ಹೌದು. ನಾನೇ ಹಾಕಿದ್ದು. ನನಗೂ, ಅಲ್ಲಿ ಕೂತಿರೋ ಅವರಿಗೂ. ಅತ್ತೆ, ಆ ಡಬ್ಬಿ ಕೊಡಿ ಇವರಿಗೆ."

ಬಾಗಿಲಮ್ಮ ಮಾತ್ರೆಗಳನ್ನು ಸೆರಗಿಗೆ ಸುರಿದುಕೊಂಡು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಗುಮಾಸ್ತೆ ಅದನ್ನು ಮುಟ್ಟದೆ ಒಳಗೆ ಎದ್ದು ಹೋದಳು. ಐದು ನಿಮಿಷದಲ್ಲಿ ಇಬ್ಬರು ಬಂದು ಸೊಸೆಯನ್ನು ಕಣ್ಣಿನ ಡಾಕ್ಟರ ಕೋಣೆಗೆ ಕರೆದೊಯ್ದರು. ಮೊಮ್ಮಗಳು ಅಪ್ಪನ ತೋಳು ಹಿಡಿದುಕೊಂಡು ನಿಂತಳು.

ಕೋಣೆಯ ಹೊರಗೆ ಒಂದು ಬೆಂಚಿತ್ತು. ಬಾಗಿಲಮ್ಮ ಅದರ ಮೇಲೆ ಕೂತಳು. ಸೊಸೆ ಬಾಗಿಲಲ್ಲಿ ಬಿಟ್ಟುಹೋದ ನೀಲಿ ಚಪ್ಪಲಿಯನ್ನು ಅಭ್ಯಾಸದಂತೆ ಬಗ್ಗಿ ಎತ್ತಿ ಬೆಂಚಿನ ಕೆಳಗೆ ತಳ್ಳಿದಳು. ಆಮೇಲೆ ಮತ್ತೆ ಬಗ್ಗಿದಳು. ಅದನ್ನು ಹೊರಗೆಳೆದು, ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಬಾಗಿಲ ಎದುರಿಗೆ ಜೋಡಿಸಿಟ್ಟಳು.

ಪರದೆಯ ಹಿಂದಿನಿಂದ ಡಾಕ್ಟರ ಧ್ವನಿ ಕೇಳಿಸುತ್ತಿತ್ತು. "ಎಡಗಣ್ಣು ಕೈಯಿಂದ ಮುಚ್ಕೊಳ್ಳಿ. ಹಾಗೆ. ಈಗ ಹೇಳಿ, ಎಷ್ಟು ಬೆರಳು ತೋರಿಸ್ತಿದ್ದೀನಿ?"

ಬಾಗಿಲಮ್ಮ ಸೆರಗಿನ ಮಾತ್ರೆಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಿವಿಗೊಟ್ಟಳು.

"ಎಲ್ಲಿ ತೋರಿಸ್ತಿದ್ದೀರಿ ಡಾಕ್ಟ್ರೇ?" ಎಂದಳು ಸೊಸೆ.